ಹಗೇವಿನ ಬಾಯಿಗೆ ಕೂತ ಹ್ಞೂಂ

ನಮ್ಮ ಕೆಲಸದಲ್ಲಿ ಮಾತು ನಿಂತಿತು ಅಂದರೆ ಮನುಷ್ಯ ಸತ್ತ ಅಂತಲೇ ತಿಳಿಯಬೇಕು. ಹಗೇವಿನೊಳಗೆ, ಜೋಳ ತುಂಬಿಡುವ ಆ ನೆಲದ ಕುಣಿಯೊಳಗೆ, ಇಳಿದವರು ಮಾತಾಡುತ್ತಲೇ ಇರಬೇಕು, ಮೇಲೆ ಬಾಯಿಗೆ ಕೂತವರು ಹ್ಞೂಂ ಅನ್ನುತ್ತಲೇ ಇರಬೇಕು. ಈ ಪದ್ಧತಿ ಯಾರು ಮಾಡಿದರೋ ನನಗೆ ಗೊತ್ತಿಲ್ಲ, ನನಗೆ ಕಲಿಸಿದವಳು ಕಾಶಕ್ಕ. ಅದೇ ಪದ್ಧತಿ ಕೊನೆಗೆ ನನ್ನ ಪುಪ್ಪುಸ ತಿಂದಿತು. ಹಾಗಂತ ಅದನ್ನು ಬಯ್ಯಲೂ ಬಾಯಿ ಬರುವುದಿಲ್ಲ, ಇಷ್ಟು ವರ್ಷ ಜೀವಂತ ಉಳಿದದ್ದೂ ಅದರಿಂದಲೇ.

ಇದನ್ನು ಯಾಕೆ ಬರೆಯಲು ಕೂತೆ ಅಂದರೆ, ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಾಗ ನನ್ನಂಥ ಕೆಲಸದವಳು ಯಾರಾದರೂ ಬಂದು "ನನಗೂ ಹಿಂಗ ಆಗಿತ್ತವಾ, ಅಂಜಬ್ಯಾಡ" ಅಂದಿದ್ದರೆ ಎಷ್ಟು ಚಲೋ ಇತ್ತು ಅನ್ನಿಸಿತ್ತು. ಯಾರೂ ಬರಲಿಲ್ಲ, ಯಾರೂ ಅನ್ನಲಿಲ್ಲ. ಅದಕ್ಕೆ ನಾನೇ ಅನ್ನುತ್ತಿದ್ದೇನೆ.

ನಮ್ಮದು ಸವಣೂರು. ನಾವು ಹಳೇ ಮನೆ ಖಾಲಿ ಮಾಡುವವರು. ಮೌಲಾಸಾಬ ಅಂತ ಒಬ್ಬ ಇದ್ದಾನೆ, ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಕಡೆ ತಿರುಗಿ ಕೆಡವಲು ಇಟ್ಟ ಹಳೇ ಮನೆಗಳನ್ನು ಮಾತಾಡಿಕೊಂಡು ಬರುತ್ತಾನೆ. ತೇಗದ ಕಂಬ, ಬಾಗಿಲು, ತೊಲೆ ಅವನಿಗೆ. ಅದನ್ನು ಕೀಳುವ ಮೊದಲು ಒಳಗಿನ ಹಾಳುಮೂಳು ಎಲ್ಲ ಹೊರಗೆ ಹಾಕಿ ಟ್ರ್ಯಾಕ್ಟರಿಗೆ ತುಂಬುವುದು ನಮ್ಮ ಪಾಲಿಗೆ. ಇಲಿ ಕಡಿದ ಗಾದಿ, ಮುರಿದ ತೊಟ್ಟಿಲು, ಸತ್ತವರ ಔಷಧದ ಬಾಟಲಿ, ಅಟ್ಟದ ಮೇಲೆ ಮೊಣಕಾಲುದ್ದ ಬಾವಲಿ ಹಿಕ್ಕೆ. ಚಂದದ್ದೆಲ್ಲ ಅವನಿಗೆ, ಧೂಳೆಲ್ಲ ನಮಗೆ. ಇದನ್ನು ಅವನ ಮುಖದ ಮುಂದೆಯೇ ಅನ್ನುತ್ತೇನೆ, ಅವನು ನಗುತ್ತಾನೆ. ಮನುಷ್ಯ ಕೆಟ್ಟವನಲ್ಲ.

ಈ ಕಡೆಯ ಹಳೇ ಮನೆಗಳ ಮುಂದೆ, ಕೆಲವು ಕಡೆ ಅಂಗಳದಲ್ಲೇ, ನೆಲದೊಳಗೆ ಹಗೇವು ಇರುತ್ತವೆ. ಜೋಳ ತುಂಬಿ ಇಡಲು ಹಿಂದಿನವರು ತೋಡಿಸಿದ ಕುಣಿ. ಬಾಯಿ ಇಷ್ಟೇ ಇಷ್ಟು, ಒಳಗೆ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಸುತ್ತ ಹುಲ್ಲು ಕೊಟ್ಟು, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಈಗ ಯಾರೂ ತುಂಬುವುದಿಲ್ಲ. ಆದರೆ ಎಷ್ಟೋ ಹಗೇವುಗಳಲ್ಲಿ ಅಜ್ಜನ ಕಾಲದ ಜೋಳ ಕರ್ರಗಾಗಿ ತಳದಲ್ಲೇ ಬಿದ್ದಿರುತ್ತದೆ. ಅದೇ ಜಾಗದಲ್ಲಿ ಹೊಸ ಮನೆಯ ಪಾಯ ಹಾಕಬೇಕೆಂದರೆ ಅದನ್ನು ತೆಗೆಯಲೇಬೇಕು. ಅದಕ್ಕೆ ಒಬ್ಬರು ಇಳಿಯಬೇಕು. ಆ ಒಬ್ಬಳು ನಾನು. ನಾನು ಮೊದಲಿನಿಂದ ಒಣಕಲು ಕಡ್ಡಿ, ಎಂಥ ಸಣ್ಣ ಬಾಯಲ್ಲೂ ಹಿಡಿಸುತ್ತಿದ್ದೆ.

ಇಳಿಯುವ ಮೊದಲು ಕಂದೀಲು ಹಚ್ಚಿ ಹಗ್ಗ ಕಟ್ಟಿ ಕೆಳಗೆ ಬಿಡುತ್ತೇವೆ. ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಇಳಿಯಬಾರದು. ಉರಿಯುತ್ತಿದ್ದರೆ ಇಳಿಯಬಹುದು. ಇಳಿದ ಮೇಲೆ ಮಾತು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ನಮ್ಮಲ್ಲಿ ಸುತರಾಂ ಕೂಡದು. ಕಟ್ಟಿಕೊಂಡರೆ ದನಿ ಮೇಲೆ ಹೋಗುವುದಿಲ್ಲ, ದನಿ ಹೋಗದಿದ್ದರೆ ಒಳಗಿದ್ದವಳು ಎಚ್ಚರ ತಪ್ಪಿದ್ದು ಮೇಲಿನವರಿಗೆ ತಿಳಿಯುವುದಿಲ್ಲ. ನನಗೋ ಮಾತಿಗೆ ಏನು ಕೊರತೆ! ಅಣ್ಣನ ಹೆಂಡತಿ ವೈನಿಯ ಸಿಡುಕು, ಟಿವಿಯ ಸೊಸೆ, ಆ ಮನೆಯ ಯಜಮಾನಿ ಎಂಥ ಜಿಪುಣಿ ಇದ್ದಿರಬೇಕು ಅನ್ನುವ ಊಹೆ, ಎಲ್ಲ ಬರುತ್ತಿತ್ತು. ಬುಟ್ಟಿ ತುಂಬುತ್ತ ಬಾಯಿ ತುಂಬ ಮಾತಾಡುತ್ತಿದ್ದೆ. "ಶಾಂತವ್ವ ಇಳದ್ಲಂದ್ರ ರೇಡಿಯೋ ಹಚ್ಚಿದಂಗ" ಅಂತ ಮೌಲಾಸಾಬ ಅನ್ನುತ್ತಿದ್ದ.

ಮೇಲೆ ಬಾಯಿಗೆ ಕೂರುವವಳು ಯಾವಾಗಲೂ ಕಾಶಕ್ಕ. ನನಗಿಂತ ದೊಡ್ಡವಳು, ಎತ್ತರದ, ಮೈಕೈ ತುಂಬಿದ ಹೆಂಗಸು, ಮಾತು ಮಹಾ ಕಡಿಮೆ. ಅವಳ ಬಾಯಿಂದ ಬರುವುದು ಹ್ಞೂಂ ಒಂದೇ. ಆದರೆ ಆ ಹ್ಞೂಂನಲ್ಲೇ ಎಲ್ಲ ಇತ್ತು. ನಾನು ಸುಳ್ಳು ಹೇಳಿದರೆ ಅದು ಗಿಡ್ಡಗಾಗುತ್ತಿತ್ತು, ನಾನು ಅತ್ತರೆ ಉದ್ದವಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ನಾನು ಮನಸು ಬಿಚ್ಚಿ ಅತ್ತದ್ದು ಹಗೇವಿನೊಳಗೆ, ಅವಳು ಮೇಲೆ ಇದ್ದಾಗ. ಮನೆಯಲ್ಲಿ ಅಳಲು ಜಾಗ ಇರಲಿಲ್ಲ. ನಾನು ಇರುವುದು ಅಣ್ಣನ ಮನೆಯಲ್ಲಿ, ಅಲ್ಲಿ ಎಲ್ಲ ಜಾಗವೂ ವೈನಿಯದು.

ಹಿರೇಬೆಂಡಿಗೇರಿಯ ಒಂದು ಮನೆಯಲ್ಲಿ ಸಾಲಾಗಿ ಹಗೇವು ಸಿಕ್ಕವು. ಮಳೆಗಾಲದ ನೀರು ಹೇಗೋ ಒಳಗೆ ಇಳಿದಿತ್ತು. ಕಲ್ಲು ಎತ್ತಿದ ಕೂಡಲೇ ಮುಗ್ಗಲು ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಕಂದೀಲು ಬಿಟ್ಟೆವು, ಚೆನ್ನಾಗಿ ಉರಿಯಿತು. ಇನ್ನೇನು ಚಿಂತೆ, ಇಳಿದೆ. ಗೋಡೆಯ ಹುಲ್ಲಿಗೆ ಬೂಸು ಹತ್ತಿ ಬಿಳೀ ಹಿಟ್ಟಿನ ಹಾಗೆ ಆಗಿತ್ತು. ಸಲಿಕೆ ತಾಗಿಸಿದರೆ ಸಾಕು, ಹೊಗೆ ಎದ್ದ ಹಾಗೆ ಏಳುತ್ತಿತ್ತು. ನಾನು ಅದರ ನಡುವೆ ನಿಂತು ಮಾತಾಡಿದ್ದೇ ಆಡಿದ್ದು.

ಆವತ್ತು ಸಂಜೆ ಚಳಿಜ್ವರ ಬಂತು. ಮೈ ಗಡಗಡ ನಡುಗಿತು, ಎದೆ ಬಿಗಿಯಿತು. ಮರುದಿನ ಮನೆಯಲ್ಲಿ ಉಳಿದೆ, ಇಳಿಯಿತು. ದಣಿವು ಅಂದುಕೊಂಡು ಮತ್ತೆ ಹೋದೆ, ಸಂಜೆಗೆ ಮತ್ತೆ ಜ್ವರ. ಹೀಗೇ ಸಾಗಿತು. ಕೆಲಸಕ್ಕೆ ಹೋದರೆ ಜ್ವರ, ಉಳಿದರೆ ಇಲ್ಲ. "ಮೈಗಳ್ಳಿಗೆ ಚಲೋ ನೆವ ಸಿಕ್ತು" ಅಂದಳು ವೈನಿ. ನಾನು ನಾಲ್ಕು ಮಾತು ತಿರುಗಿ ಅಂದೆ. ಆದರೆ ನಾಲ್ಕನೆಯ ಮಾತಿಗೆ ಉಸಿರು ಸಾಲಲಿಲ್ಲ. ಅದು ನನಗೆ ಹೊಸದು.

ನನ್ನ ಬೇನೆಯನ್ನು ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ಕಾಶಕ್ಕ. ಹಾನಗಲ್ಲಿನ ಒಂದು ಮನೆಯಲ್ಲಿ ನಾನು ಹಗೇವಿನಿಂದ ಹತ್ತಿ ಬಂದು ಗೋಡೆಗೆ ಒರಗಿ ಕೂತಾಗ ನನ್ನನ್ನೇ ನೋಡುತ್ತ ನಿಂತಳು.

"ಶಾಂತಿ, ನಿನ್ನ ಮಾತಿನ ನಡುವ ಸಂದು ಬೀಳಾಕತ್ತಾವು."

"ಎಂಥಾ ಸಂದು?"

"ಮೊದಲ ಒಂದ ಉಸರಿಗೆ ವೈನಿದು ಪೂರಾ ಪುರಾಣ ಮುಗಸ್ತಿದ್ದಿ. ಈಗ ಅರ್ಧಕ್ಕ ನಿಂತು ದಮ್ಮ ಹಿಡಿತಿ. ದವಾಖಾನಿಗೆ ನಡಿ."

ಅವಳು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಕೇಳಿಯೇ ನನಗೆ ಹೆದರಿಕೆಯಾಯಿತು.

ಡಾಕ್ಟರು ಎದೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, "ಟೀಬಿ ಇರಬಹುದು, ಕಫ ಪರೀಕ್ಷೆ ಮಾಡಿ ನೋಡೋಣ" ಅಂದರು. ಇರಬಹುದು ಅಂದರು, ಇದೆ ಅನ್ನಲಿಲ್ಲ. ಅಣ್ಣ ಪಕ್ಕದಲ್ಲೇ ಇದ್ದ. ಆದರೆ ದವಾಖಾನೆಯಿಂದ ಮನೆ ಮುಟ್ಟುವಷ್ಟರಲ್ಲಿ ಆ "ಇರಬಹುದು" ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ಅಣ್ಣನಿಗೆ ವೀಳ್ಯದೆಲೆ ಬಳ್ಳಿಯ ತೋಟದಲ್ಲಿ ಪಾಲು ಇದೆ. ಕೊಯ್ದ ಎಲೆಗೆ ನೀರು ಚಿಮುಕಿಸಿ ಇಡಲು ಬಾಗಿಲ ಪಕ್ಕ ಒಂದು ಕತ್ತಲ ಕೋಣೆ ಇತ್ತು. ಎಲೆಗೆ ಬೇನೆ ತಾಗಬಾರದು ಅಂತ ವೈನಿ ಎಲೆಯನ್ನು ನಡುಮನೆಗೆ ತಂದಳು, ನನ್ನನ್ನು ಎಲೆಯ ಕೋಣೆಗೆ ಹಾಕಿದಳು. ನನಗೊಂದು ತಾಟು, ಒಂದು ಲೋಟ, ಒಂದು ಚಾಪೆ. ಅನ್ನವನ್ನು ಹೊಸ್ತಿಲಾಚೆ ಇಟ್ಟು ಬಾಗಿಲು ಬಡಿದು ಹೋಗುತ್ತಿದ್ದಳು. ಅವಳನ್ನೂ ಪೂರಾ ದೂರಲಾರೆ, ಅವಳ ಅವ್ವ ಅದೇ ಬೇನೆಯಿಂದ ಹೋದವಳು. ಆದರೆ ಒಂದು ಮಾತು. ನಾನು ಕೆಮ್ಮಿದಾಗಲೆಲ್ಲ ನಡುಮನೆಯಲ್ಲಿ ಟಿವಿಯ ದನಿ ಏರಿಸುತ್ತಿದ್ದಳಲ್ಲ, ಅದನ್ನು ಮಾತ್ರ ನಾನು ಮರೆಯುವುದಿಲ್ಲ.

ಆ ಕೋಣೆಗೆ ಸಣ್ಣದೊಂದು ಕಿಟಕಿ ಇತ್ತು, ಆಚೆ ಓಣಿ. ಮಂದಿ ಹೋಗುವುದು ಬರುವುದು ಕಾಣುತ್ತಿತ್ತು. ಮೊದಲೆಲ್ಲ "ಏನ್ ಶಾಂತವ್ವ, ಊಟಾತ?" ಅನ್ನುತ್ತಿದ್ದವರು ಈಗ ಆ ಕಡೆಯ ಗೋಡೆ ಹಿಡಿದು ನಡೆಯುತ್ತಿದ್ದರು. ನಾನು ಮನುಷ್ಯಳೋ, ಮುಚ್ಚಿಟ್ಟ ಹಳಸಿದ ಜೋಳವೋ ಅನ್ನಿಸುತ್ತಿತ್ತು. ಬಹಳ ಅತ್ತೆ. ಅಳುವುದಕ್ಕೂ ದಮ್ಮು ಬೇಕು, ಅದಿಲ್ಲದ್ದಕ್ಕೆ ಸಣ್ಣಗೆ ಅತ್ತೆ.

ಬರುತ್ತಿದ್ದವಳು ಒಬ್ಬಳೇ. ಕಾಶಕ್ಕ ಕೆಲಸ ಮುಗಿಸಿ, ತಲೆಯ ಧೂಳು ಕೂಡ ಕೊಡವಿಕೊಳ್ಳದೆ ಬಂದು ಹೊಸ್ತಿಲ ಮೇಲೆಯೇ ಕೂರುತ್ತಿದ್ದಳು. ಪೇಟೆಯಿಂದ ಕರಿದ ಖಾರದ ತಿಂಡಿಯ ಪೊಟ್ಟಣ ತರುತ್ತಿದ್ದಳು. ನನಗೆ ಖಾರ ತಿಂದರೆ ಕೆಮ್ಮು, ಅದಕ್ಕೆ ತಾನೇ ತಿನ್ನುತ್ತಿದ್ದಳು. ವೈನಿ ಒಳಗಿನಿಂದ, "ಕಾಶವ್ವಾರ, ಹಂಗ ಹೊಸ್ತಲದ ಮ್ಯಾಲ ಕುಂದರಬ್ಯಾಡ್ರಿ, ನಿಮಗೂ ಹತ್ತೀತು" ಅಂದರೆ, "ಹತ್ತಲಿ ಬಿಡ್ರಿ, ಒಬ್ಬಾಕಿಗೆ ಬ್ಯಾಸರ ಆಗ್ತೈತಿ" ಅನ್ನುತ್ತಿದ್ದಳು. ನಾನು ತುಣುಕು ತುಣುಕಾಗಿ ಮಾತಾಡುತ್ತಿದ್ದೆ, ಅವಳು ಹ್ಞೂಂ ಅನ್ನುತ್ತಿದ್ದಳು. ಅಷ್ಟಿದ್ದರೆ ನನಗೆ ಮರುದಿನದವರೆಗೆ ಸಾಕಾಗುತ್ತಿತ್ತು.

ಕಫದಲ್ಲಿ ಏನೂ ಸಿಗಲಿಲ್ಲ. ಮತ್ತೆ ಕೊಟ್ಟೆ, ಮತ್ತೆ ಸಿಗಲಿಲ್ಲ. ನಾನು ಮಾತ್ರ ಕರಗುತ್ತಲೇ ಹೋದೆ. ಕೊನೆಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು.

ಅಣ್ಣ ನನ್ನನ್ನು ಆಸ್ಪತ್ರೆಯಲ್ಲಿ ಕೂರಿಸಿ, ಎಲೆಯ ಬುಟ್ಟಿ ಕೊಟ್ಟು ಬರುತ್ತೇನೆಂದು ಮಾರ್ಕೆಟ್ಟಿಗೆ ಹೋದ. ಉದ್ದನೆಯ ಪಡಸಾಲೆ, ಗೋಡೆಗುಂಟ ಬೆಂಚು. ಎಲ್ಲರ ಜೊತೆಗೂ ಒಬ್ಬರು ಇದ್ದರು. ಒಬ್ಬಳು ಅವ್ವನ ತಲೆ ಬಾಚುತ್ತಿದ್ದಳು. ಒಬ್ಬ ಗಂಡ ಹೆಂಡತಿಗೆ ಇಡ್ಲಿ ಮುರಿದು ತಿನ್ನಿಸುತ್ತಿದ್ದ, ಆಕೆ ಬೇಡ ಬೇಡ ಅನ್ನುತ್ತಲೇ ತಿನ್ನುತ್ತಿದ್ದಳು. ಪಕ್ಕದವಳು, "ನಿಮ್ಮ ಜೋಡಿ ಯಾರ ಬಂದಾರ್ರಿ?" ಅಂತ ಕೇಳಿದಳು. "ನಮ್ಮಣ್ಣ ಬಂದಾನ್ರಿ, ಚಾ ತರಾಕ ಹೋಗ್ಯಾನ" ಅಂದೆ. ಆಮೇಲೆ ಅವಳು ಸುಮಾರು ಹೊತ್ತು ಬಾಗಿಲ ಕಡೆ ನೋಡುತ್ತಲೇ ಇದ್ದಳು, ಪಾಪ, ನನ್ನ ಚಹಾ ಬರಲಿಲ್ಲವಲ್ಲ ಅಂತ. ಅವಳ ಹೆಸರು ಕರೆದಾಗ ತನ್ನ ಬಾಟಲಿಯ ನೀರನ್ನು ನನ್ನ ಪಕ್ಕ ಇಟ್ಟು ಎದ್ದು ಹೋದಳು. ಅವಳು ಯಾರೋ ಏನೋ. ಆ ನೀರಿನ ರುಚಿ ಇನ್ನೂ ಬಾಯಲ್ಲಿದೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಬೇರೆಯವರಂತೆ ಕೆಮ್ಮಿನಿಂದ ಶುರು ಮಾಡಲಿಲ್ಲ, ಕೆಲಸದಿಂದ ಶುರು ಮಾಡಿದರು. ನಾನು ಎಲ್ಲ ಹೇಳಿದೆ. ಮನೆ, ಅಟ್ಟ, ಹಗೇವು, ಬೂಸು.

"ಇಳಿಯುವಾಗ ಮೂಗು ಬಾಯಿಗೆ ಏನು ಕಟ್ಟಿಕೊಳ್ತೀರಿ?"

"ಏನೂ ಇಲ್ರಿ. ಕಟ್ಕೊಂಡ್ರ ಮಾತಾಡೂದು ಹೆಂಗ?"

"ಒಳಗೆ ಯಾರ ಜೊತೆ ಮಾತಾಡ್ತೀರಿ?"

"ಮ್ಯಾಲ ಕುಂತಾಕಿ ಜೋಡಿರಿ. ಜೀವ ಐತಿ ಅಂತ ಗೊತ್ತಾಗಬೇಕಲ್ರಿ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಎಷ್ಟು ಹೊತ್ತು ಮಾತಾಡ್ತೀರಿ?"

"ಒಳಗ ಇರೂತನಕ."

ಪುಪ್ಪುಸದೊಳಗೆ ನಳಿಗೆ ಬಿಟ್ಟು ನೋಡಬೇಕು ಅಂದರು. ಆ ದಿನದ ಹೆದರಿಕೆ ಹೇಗೆ ಹೇಳಲಿ! ಹಗೇವಿನ ಕತ್ತಲಲ್ಲಿ ಇಳಿದವಳು ನಾನು, ಆದರೆ ಆ ಬಿಳೀ ಕೋಣೆಯಲ್ಲಿ ಕೈಕಾಲು ತಣ್ಣಗಾದವು. ಗಂಟಲಿಗೆ ಔಷಧ ಹೊಡೆದರು, ಮರಗಟ್ಟಿತು. ನರ್ಸಮ್ಮ ಪಕ್ಕದಲ್ಲಿ ನಿಂತು, "ನಳಿಗಿ ಒಳಗಿದ್ದಾಗ ಮಾತಾಡಾಕ ಬರೂದಿಲ್ಲವಾ. ತ್ರಾಸಾದ್ರ ನನ್ನ ಕೈ ಹಿಚುಕು, ನನಗ ತಿಳಿತೈತಿ" ಅಂದು ತನ್ನ ಕೈ ಕೊಟ್ಟಳು. ಮಾತಿಲ್ಲದೆ ನಾನು ಬದುಕಿದ್ದೇನೆಂದು ಇನ್ನೊಬ್ಬರಿಗೆ ತಿಳಿಯುವುದು ಹೇಗೆ ಸಾಧ್ಯ ಅಂತ ನನಗೆ ನಂಬಿಕೆ ಬರಲಿಲ್ಲ. ಹಿಚುಕಿದೆ. ಅವಳು ತಿರುಗಿ ಹಿಚುಕಿದಳು. ಪೂರ್ತಿ ಹೊತ್ತು ಹಾಗೇ ನಡೆಯಿತು. ಅವಳ ಕೈಗೆ ನನ್ನ ಉಗುರು ನಟ್ಟಿದ್ದವು, ಆಮೇಲೆ ತೋರಿಸಿ ನಕ್ಕಳು.

ಟೀಬಿ ಅಲ್ಲ ಅಂದರು. ಬೂಸಿನ ಧೂಳು ಒಳಗೆ ಹೋಗಿ ಹೋಗಿ ಪುಪ್ಪುಸ ಬಾತಿದೆ, ಮೈಗೆ ಅದು ಒಗ್ಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತುವಂಥದ್ದಲ್ಲ. ಕಣದಲ್ಲಿ, ಬಣವೆಯಲ್ಲಿ ಕೆಲಸ ಮಾಡುವ ರೈತರಿಗೆ ಹೆಚ್ಚಾಗಿ ಬರುವುದರಿಂದ ಅದಕ್ಕೆ ರೈತರ ಹೆಸರೇ ಇದೆಯಂತೆ. ಕೇಳಿ ನಗು ಬಂತು. ಒಂದು ಗೇಣು ಹೊಲ ಇಲ್ಲದವಳಿಗೆ ರೈತರ ಬೇನೆ ಮಾತ್ರ ಪುಕ್ಕಟೆ ಬಂತಲ್ಲ! "ಕಂದೀಲು ಉರೀತಿತ್ತಲ್ರಿ" ಅಂದೆ. "ಕಂದೀಲಿಗೆ ಗಾಳಿ ಗೊತ್ತಾಗುತ್ತೆ, ಧೂಳು ಗೊತ್ತಾಗಲ್ಲ" ಅಂದರು ಡಾಕ್ಟರು. ಹೋದಷ್ಟು ಪುಪ್ಪುಸ ಪೂರ್ತಿ ವಾಪಸ್ಸು ಬರಲಿಕ್ಕಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು, ಇನ್ನು ಮುಂದೆ ಹಗೇವಿಗೆ ಇಳಿಯಕೂಡದು ಅಂದರು.

ಗುಳಿಗೆ ನುಂಗಿ ನುಂಗಿ ಮುಖ ಊದಿ ಪೂರಿಯಾಯಿತು. ಹಸಿವು ರಾಕ್ಷಸರ ಹಸಿವು. ಆದರೆ ಉಸಿರು ಸ್ವಲ್ಪ ಸ್ವಲ್ಪವಾಗಿ ತಿರುಗಿ ಬಂತು. ವೈನಿ ಒಂದು ಮಾತೂ ಆಡದೆ ನನ್ನ ತಾಟನ್ನು ತಿಕ್ಕಿ ಉಳಿದ ತಾಟುಗಳ ನಡುವೆ ಸೇರಿಸಿದಳು. ಎಲೆ ಕೋಣೆಗೆ ಹೋಯಿತು, ನಾನು ನಡುಮನೆಗೆ ಬಂದೆ. ಓಣಿಯವರು ಬಾಳೆಹಣ್ಣು ಹಿಡಿದು ಬಂದು, "ನಮಗ ಮೊದಲ ಗೊತ್ತಿತ್ತ ಬಿಡವಾ, ನಿನಗ ಅಂಥಾ ಬ್ಯಾನಿ ಎಲ್ಲಿ ಬರ್ತೈತಿ" ಅಂದರು. ಬಾಯಿಗೆ ಬಂದದ್ದನ್ನು ಬಾಳೆಹಣ್ಣಿನ ಜೊತೆ ನುಂಗಿದೆ.

ಹುಬ್ಬಳ್ಳಿಯಿಂದ ಬಂದ ಮರುದಿನ ಕಾಶಕ್ಕ ಬಂದಿದ್ದಳು. ನಾನು ಖುಷಿಯಲ್ಲಿದ್ದೆ, ಟೀಬಿ ಅಲ್ಲ ಅನ್ನುವ ಖುಷಿ. ಎಲ್ಲ ಹೇಳಿದೆ. "ನೋಡಬೇ ಕಾಶಕ್ಕ, ಎಲ್ಲಾ ಮಾತಿಂದ ಆಗಿದ್ದಂತ. ನಾ ಬಾಯಿ ತಗದಂಗೆಲ್ಲ ಬೂಸು ಒಳಗ ಹೋತಂತ" ಅಂತ ನಕ್ಕೆ. ಅವಳು ಹ್ಞೂಂ ಅಂದಳು. ಖಾರದ ಪೊಟ್ಟಣ ಬಿಚ್ಚಲೇ ಇಲ್ಲ. ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಳ್ಳುತ್ತ ಕೂತು, ಎದ್ದು ಹೋದಳು. ಆಮೇಲೆ ಬರಲಿಲ್ಲ.

ಬೇನೆ ಹತ್ತುತ್ತದೆ ಅಂದಾಗ ಎಲ್ಲರೂ ಬಿಟ್ಟರು, ಅವಳೊಬ್ಬಳು ಬಂದಳು. ಹತ್ತುವುದಿಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ಬಂದರು, ಅವಳು ಬಿಟ್ಟಳು. ಇದೆಂಥ ಲೆಕ್ಕ! ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಹೇಳಿ ಕಳಿಸಿದರೆ "ಕೆಲಸ ಐತಿ" ಅಂತ ಉತ್ತರ ಬರುತ್ತಿತ್ತು. ಮೊದಲು ಸಿಟ್ಟು ಬಂತು. ಹೋಗಲಿ, ಹಾಳಾಗಿ ಹೋಗಲಿ, ಅವಳಿಲ್ಲದಿದ್ದರೆ ನನಗೇನು ಅಂದುಕೊಂಡೆ. ಆಮೇಲೆ ಸಿಟ್ಟೂ ಹೋಯಿತು. ಮನೆ ತುಂಬ ಮಂದಿ, ಮಾತಿಗೆ ತಿರುಗಿ ಮಾತು. ಆದರೆ ನಾನು ಒಂದು ವಿಷಯ ಶುರು ಮಾಡಿ ದಮ್ಮು ಹಿಡಿಯಲು ನಿಂತರೆ, ಆ ಸಂದಿನಲ್ಲಿ ಅವರು ತಮ್ಮ ವಿಷಯ ತುರುಕುತ್ತಿದ್ದರು. ಕಾಯುವವರೇ ಇರಲಿಲ್ಲ. ಎಲೆಯ ಕೋಣೆಯಲ್ಲಿದ್ದಾಗಿನ ಒಂಟಿತನ ಬೇರೆ, ಅದಕ್ಕೆ ಗೋಡೆ ಇತ್ತು. ಇದು ಗೋಡೆಯಿಲ್ಲದ ಒಂಟಿತನ, ಇದೇ ಹೆಚ್ಚು ಕಷ್ಟ. ನಡುಮನೆಯಲ್ಲಿ ಕೂತು ನಾನು ಮಾತು ಕಡಿಮೆ ಮಾಡುತ್ತ ಬಂದೆ. "ಶಾಂತಿ ಈಗ ಭಾಳ ಶಾಣ್ಯಾಕಿ ಆಗ್ಯಾಳ" ಅಂತ ವೈನಿ ಬಂದವರ ಮುಂದೆ ಹೊಗಳಿದಳು.

ಒಂದು ದಿನ ಮೌಲಾಸಾಬ ನನ್ನನ್ನು ಮಾತಾಡಿಸಲು ಬಂದ. ಅದೂ ಇದೂ ಮಾತಾಡಿ, ಹೋಗುವಾಗ ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಶಾಂತವ್ವ, ಕಾಶವ್ವಗ ಒಂದ್ ಮಾತ ಹೇಳ್ತಿಯೇನು? ನಿನ್ನ ಬದಲಿ ಈಗ ಆಕಿನ ಇಳಿಯಾಕತ್ತಾಳ."

"ಆಕಿ ಬಾಯಾಗ ಹೆಂಗ ಹಿಡಸ್ತಾಳ?"

"ಬಾಯಿ ಒಡದು ದೊಡ್ಡದು ಮಾಡಸ್ತಾಳ. ಅದಲ್ಲ ನನ್ನ ಚಿಂತಿ. ಸೆರಗು ಬಾಯಿಗೆ ಬಿಗಿದು ಕಟ್ಕೊಂಡು ಇಳೀತಾಳ. ಒಳಗ ಹ್ಞಾಂ ಇಲ್ಲ, ಹ್ಞೂಂ ಇಲ್ಲ. ನಾವು ಮ್ಯಾಲ ಕೂಗಿ ಕೂಗಿ ಗಂಟಲ ಹರಕೋತೇವಿ. ಆಕಿ ತಾನಾಗಿ ಹೊರಗ ಬಂದಾಗನ ಜೀವಂತ ಅದಾಳ ಅಂತ ಗೊತ್ತಾಗೂದು. ನಾಳೆ ಅಬಲೂರಾಗ ಐತಿ ಕೆಲಸ. ಅಲ್ಲಾನ ಆಣಿ, ನನಗ ಅಂಜಿಕಿ ಬಂದೈತಿ."

ಸೆರಗಿನ ಅರಿವೆ ಆ ಬೂಸನ್ನು ತಡೆಯುವುದಿಲ್ಲ. ಮಾತು ನಿಂತದ್ದಕ್ಕೆ ಗಾಳಿ ಕೆಟ್ಟರೂ ಮೇಲಿನವರಿಗೆ ತಿಳಿಯುವುದಿಲ್ಲ. ನನ್ನ ಬೇನೆ, ಅದರ ಮೇಲೆ ಸಾವು, ಎರಡನ್ನೂ ಒಟ್ಟಿಗೆ ಕರೆದುಕೊಂಡು ಇಳಿಯುತ್ತಿದ್ದಾಳೆ. ಅದೂ ಎಂಥ ಹೆಂಗಸು, ಬೇರೆಯವರ ಜೀವಕ್ಕೆ ಅಷ್ಟು ವರ್ಷ ಹಗೇವಿನ ಬಾಯಲ್ಲಿ ಕಾವಲು ಕೂತವಳು.

ಮರುದಿನ ಬೆಳಗ್ಗೆ ನಾನು ಸೀರೆ ಉಟ್ಟು ಚಪ್ಪಲಿ ಮೆಟ್ಟಿದ್ದನ್ನು ನೋಡಿ ಅಣ್ಣ ಬಾಗಿಲಿಗೆ ಅಡ್ಡ ನಿಂತ. "ಹುಚ್ಚ ಹಿಡದೈತೇನ ನಿನಗ? ಡಾಕ್ಟರು ಏನಂದಾರ?"

"ಇಳಿಬ್ಯಾಡ ಅಂದಾರ. ಇಳಿಯಾಕ ಹೊಂಟಿಲ್ಲ. ಒಬ್ಬಾಕಿನ್ನ ಮ್ಯಾಲ ಹತ್ತಸಾಕ ಹೊಂಟೇನಿ. ದಾರಿ ಬಿಡು."

ವೈನಿ ಒಳಗಿನಿಂದ ಬಂದಳು. ಬಯ್ಯುತ್ತಾಳೆ ಅಂದುಕೊಂಡೆ. ನೀರಿನ ಬಾಟಲಿ ತುಂಬಿ ನನ್ನ ಚೀಲದಲ್ಲಿ ಇಟ್ಟು, "ಬಸ್ಸಿನ್ಯಾಗ ಖಿಡಕಿ ಕಡೆ ಕುಂದ್ರು" ಅಂದಳು. ಅಷ್ಟೇ. ಅವಳಿಂದ ಅಷ್ಟು ಬಂದದ್ದೇ ದೊಡ್ಡದು.

ಡಾಕ್ಟರು ಹೇಳಿದ್ದ ದಪ್ಪನೆಯ ಮಾಸ್ಕುಗಳನ್ನು ಔಷಧದ ಅಂಗಡಿಯಲ್ಲಿ ಕೊಂಡು, ಒಂದನ್ನು ಹಾಕಿಕೊಂಡು ಬಸ್ಸು ಹತ್ತಿದೆ. ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಅಬಲೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಹಳೇ ಗುಡಿಯ ಆಚೆ ಆ ಮನೆ. ಅಂಗಳದಲ್ಲಿ ಮೌಲಾಸಾಬ ಹಗೇವಿನ ಬಾಯಿಗೆ ಬಗ್ಗಿ, "ಕಾಶವ್ವಾ! ಏ ಕಾಶವ್ವಾ! ಓ ಅನ್ನಬೇ ಒಂದ್ಸಲ!" ಅಂತ ಕೂಗುತ್ತಿದ್ದ. ಒಳಗಿನಿಂದ ಏನೂ ಇಲ್ಲ. ಅವಳು ಇಳಿದಾಗಿತ್ತು.

ನಾನೂ ಕೂಗಲು ಹೋದೆ. ಎರಡಕ್ಷರ ಬರುವಷ್ಟರಲ್ಲಿ ಕೆಮ್ಮು ಹಿಡಿಯಿತು. ಕೂಗಿದರೆ ಅವಳಿಗೆ ನನ್ನ ದನಿ ಗೊತ್ತಾಗುತ್ತಿತ್ತು, ನನ್ನ ದನಿ ಕೇಳಿದರೆ ಅವಳು ಸುಮ್ಮನಿರುತ್ತಿರಲಿಲ್ಲ. ಆದರೆ ಕೂಗು ಅನ್ನುವುದು ನನ್ನಿಂದ ಹೋಗಿಬಿಟ್ಟಿತ್ತು. ಆಗ ಕಣ್ಣಿಗೆ ಬಿದ್ದದ್ದು ಬುಟ್ಟಿಯ ಹಗ್ಗ. ಒಂದು ತುದಿ ಕುಣಿಯೊಳಗೆ, ಇನ್ನೊಂದು ನೆಲದ ಮೇಲೆ ಬಿದ್ದಿತ್ತು. ನರ್ಸಮ್ಮನ ಕೈ ನೆನಪಾಯಿತು. ಹಗ್ಗ ಹಿಡಿದು ಜಗ್ಗಿದೆ. ಏನೂ ಇಲ್ಲ. ಮತ್ತೆ ಜಗ್ಗಿದೆ, ಜೋರಾಗಿ. ಆಮೇಲೆ ಕೆಳಗಿನಿಂದ, ಯಾವ ಮಾರಾಯ ಕೆಲಸ ಕೆಡಿಸುತ್ತಿದ್ದಾನೆ ಅನ್ನುವಂತೆ ಸಿಟ್ಟಿನ ಒಂದು ಜಗ್ಗು ಬಂತು. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತೆ.

ಮೌಲಾಸಾಬ ಏಣಿ ಅಲುಗಾಡಿಸಿ ಅವಳು ಮೇಲೆ ಬರುವಂತೆ ಮಾಡಿದ. ತಲೆ, ರೆಪ್ಪೆ, ಸೆರಗು ಎಲ್ಲ ಬೆಳ್ಳಗೆ. ನನ್ನನ್ನು ಕಂಡದ್ದೇ ತಡ, ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋಗಿ ದೂರದ ಬೇವಿನ ಗಿಡದ ಕೆಳಗೆ ಕೂರಿಸಿದಳು. ಆಮೇಲೆ ತಾನು ದೂರ ಹೋಗಿ ಮೈಯ ಧೂಳು ಕೊಡವಿಕೊಂಡು, ಮುಖ ತೊಳೆದು ಬಂದಳು.

"ಇಲ್ಲಿ ಯಾಕ ಬಂದಿ? ಸಾಯಾಕ ಬಂದಿಯೇನು?"

"ನೀ ಯಾಕ ಬರಲಿಲ್ಲ ಮನಿಗೆ?"

ಅವಳು ನೆಲ ನೋಡಿದಳು. ಆಮೇಲೆ ಅಂದಳು, "ನಿನ್ನ ಪುಪ್ಪುಸ ತಿಂದಾಕಿ ನಾನ ಅಲ್ಲೇನ ಶಾಂತಿ. ಮಾತಾಡು ಮಾತಾಡು ಅಂತ ನಾನ ಹೇಳಿಕೊಟ್ಟೆ. ನಾ ಹ್ಞೂಂ ಅಂದಂಗೆಲ್ಲ ನೀ ಬಾಯಿ ತಗದಿ. ಯಾವ ಮುಖ ಇಟ್ಕೊಂಡು ನಿನ್ನ ಮುಂದ ಕುಂತು ಮತ್ತ ಹ್ಞೂಂ ಅನ್ಲಿ?"

ಆವತ್ತು ನಾನು ನಕ್ಕು ಹೇಳಿದ ಮಾತನ್ನು ಇವಳು ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡು ತಿರುಗಿದ್ದಾಳೆ! ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

"ಏ ಹುಚ್ಚಿ," ಅಂದೆ. ದಮ್ಮು ಹಿಡಿದೆ. ಅವಳು ಕಾದಳು. ಅವಳೊಬ್ಬಳಿಗೆ ಕಾಯುವುದು ಗೊತ್ತು. "ನೀ ಹ್ಞೂಂ ಅನ್ನದಿದ್ರ... ನನ್ನ ಗಂಡ ಹೋದ ವರ್ಷ... ನಾ ಆ ಹಗೇವಿನ್ಯಾಗ ಉಳಕೊಂಡಬಿಡ್ತಿದ್ದೆ. ಮ್ಯಾಲ ಬರಬೇಕಂತ ಅನ್ನಿಸಿದ್ದ... ನೀ ಕುಂತಿದ್ದಿ ಅಂತ."

ಕಾಶಕ್ಕ ಮುಖಕ್ಕೆ ಸೆರಗು ಒತ್ತಿಕೊಂಡಳು. ಆ ಸೆರಗಿನಲ್ಲಿ ಬೂಸು ಇದೆ ಅಂತ ನಾನು ಕಿತ್ತು ತೆಗೆದೆ, ನನ್ನ ಸೆರಗು ಕೊಟ್ಟೆ.

ಆವತ್ತು ಯಾರೂ ಇಳಿಯಲಿಲ್ಲ. ನಾನು ಬೇವಿನ ಗಿಡದ ಕೆಳಗೆ ಕೂತೇ ಮೌಲಾಸಾಬನ ಬೆನ್ನು ಹತ್ತಿದೆ. ಹಗೇವಿನ ಬಾಯಿ ಇನ್ನೂ ಅಗಲ ಒಡೆಸಿದೆ, ಒಳಗೆ ನೀರು ಹೊಡೆಸಿದೆ, ಗಾಳಿಯಾಡಲು ತೆರೆದಿಡಿಸಿದೆ. ಮನೆಯವರು ಪಾಯದ ಮುಹೂರ್ತ ತಪ್ಪುತ್ತದೆ ಅಂದರು. "ತಪ್ಪಲಿ ಬಿಡ್ರಿ, ಮನಿಗೆ ಮುಹೂರ್ತ ಮತ್ತ ಸಿಗ್ತೈತಿ" ಅಂದೆ. ಮೌಲಾಸಾಬ ಮೂಗು ಮುರಿಯಲಿಲ್ಲ. ಈಗ ಅವನ ಟ್ರ್ಯಾಕ್ಟರಿನಲ್ಲಿ ಕಂದೀಲಿನ ಜೊತೆ ಮಾಸ್ಕು ಇರುತ್ತವೆ, ಸೊಂಟಕ್ಕೆ ಕಟ್ಟುವ ಬೇರೆ ಹಗ್ಗ ಇರುತ್ತದೆ. ಕಂದೀಲು ಉರಿದರೂ ಮಾಸ್ಕಿಲ್ಲದೆ ಇಳಿಯುವ ಹಾಗಿಲ್ಲ, ಹಸಿ ಮಾಡದೆ ಸಲಿಕೆ ಹಚ್ಚುವ ಹಾಗಿಲ್ಲ. ನನ್ನ ಉಸಿರು ಮೊದಲಿನಂತೆ ಆಗಿಲ್ಲ. ಏರು ಹತ್ತುವಾಗ ನಿಲ್ಲುತ್ತೇನೆ, ಗುಳಿಗೆ ನುಂಗುತ್ತೇನೆ, ಒಂದೊಂದು ದಿನ ಎದ್ದೇಳಲೇ ಆಗುವುದಿಲ್ಲ. ಇದರ ಜೊತೆಗೇ ಬಾಳ್ವೆ.

ಅಬಲೂರಿನ ಆ ಹಗೇವಿಗೆ ಆಮೇಲೆ ಒಂದು ದಿನ ಕಾಶಕ್ಕ ಇಳಿದಳು. ಗಾಳಿ ಬರುವ ಕಡೆ, ಬೇವಿನ ಗಿಡದ ಕೆಳಗೆ ನನ್ನನ್ನು ಕೂರಿಸಿದ್ದರು. ಅವಳ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಅಂಗಳ ದಾಟಿ ನನ್ನ ಕೈಗೆ ಬಂದಿತ್ತು. ಇಬ್ಬರ ಬಾಯಿಗೂ ಮಾಸ್ಕು. ಮಾತಿಲ್ಲ, ಕೂಗಿಲ್ಲ. ಅವಳು ಒಂದು ಸಲ ಜಗ್ಗಿದರೆ ಜೀವಂತ ಅದೀನಿ ಅಂತ, ನಾನು ಒಂದು ಸಲ ಜಗ್ಗಿದರೆ ಹ್ಞೂಂ ಅಂತ. ಉಸಿರು ಖರ್ಚಿಲ್ಲದ ಮಾತು, ನನಗೆ ಹೇಳಿ ಮಾಡಿಸಿದಂಥದ್ದು.

ಬುಟ್ಟಿ ತುಂಬಿದಾಗ ಜಗ್ಗಿದಳು, ನಾನು ಜಗ್ಗಿದೆ. ಬುಟ್ಟಿ ಖಾಲಿಯಾಗಿ ಹೋದಾಗ ಜಗ್ಗಿದಳು, ನಾನು ಜಗ್ಗಿದೆ. ಆಮೇಲೆ ಬುಟ್ಟಿ ಇಲ್ಲ, ಕೆಲಸವಿಲ್ಲ, ಸುಮ್ಮನೆ ಒಂದು ಜಗ್ಗು ಬಂತು. ನಾನು ಉತ್ತರ ಕೊಟ್ಟೆ. ಮತ್ತೊಂದು ಬಂತು. ಮತ್ತೆ ಬಂತು, ಮತ್ತೆ, ಒಂದರ ಹಿಂದೆ ಒಂದು. "ಏನಾಗೈತಿ ಅಕಿಗೆ?" ಅಂತ ಮೌಲಾಸಾಬ ಗಾಬರಿಯಾದ. ಏನೂ ಆಗಿಲ್ಲ ಅಂತ ಕೈ ಮಾಡಿದೆ. ಆಯುಷ್ಯವೆಲ್ಲ ನನ್ನ ಮಾತು ಕೇಳಿದವಳು, ನೆಲದೊಳಗೆ ನಿಂತು ಈಗ ತನ್ನ ಮಾತು ಹೇಳುತ್ತಿದ್ದಳು. ಏನು ಹೇಳಿದಳೋ ನನಗೆ ಗೊತ್ತಿಲ್ಲ. ಮಾಸ್ಕಿನೊಳಗೆ ಕಣ್ಣೀರು ಇಳಿಯುತ್ತಿತ್ತು. ನಾನು ಹಗ್ಗ ಬಿಡದೆ ಪ್ರತಿ ಸಲವೂ ಹ್ಞೂಂ ಅಂದೆ.